ನವರಂಗ ನೋಡಲು ಹೊರಟ ಗಾಡಿ

ಹಕ್ಕಿ ನೋಡಲು ಹೊರಟವನಿಗೆ ಹಕ್ಕಿ ಕಾಣುತ್ತದೋ ಇಲ್ಲವೋ, ಅವನು ಮಾತ್ರ ಊರಿಗೆಲ್ಲ ಕಾಣುತ್ತಾನೆ. ಕುತ್ತಿಗೆಗೆ ದುರ್ಬೀನು ನೇತುಹಾಕಿಕೊಂಡು ಪೊದೆಯ ಮುಂದೆ ಕುಕ್ಕರುಗಾಲಲ್ಲಿ ಕೂತವನನ್ನು ಕಂಡೂ ಸುಮ್ಮನೆ ಹೋಗುವ ಜನ ನಮ್ಮ ಹಾಸನ ಸೀಮೆಯಲ್ಲಿ ಆಗ ಇರಲಿಲ್ಲ. ಈಗಲೂ ಇದ್ದಾರೆಂದು ನನಗೆ ನಂಬಿಕೆ ಇಲ್ಲ. ಯಾರಾದರೂ ಬಂದು ಪಕ್ಕದಲ್ಲೇ ಕೂತು, "ಏನ್ ಕಳ್ಕಂಡ್ರಿ ಸಾ?" ಎಂದು ಕೇಳಿಯೇ ತೀರುತ್ತಾರೆ. ಇಲ್ಲ ಎಂದರೆ ನಂಬುವುದಿಲ್ಲ. ತಾವೂ ಹುಡುಕಲು ತೊಡಗುತ್ತಾರೆ.

ಯುದ್ಧದ ಕಾಲದ ಮಾತು ಇದು. ನಾನು ಆಗ ಹೊಳೆನರಸೀಪುರದಲ್ಲಿ ಮೇಷ್ಟ್ರು. ಮೈಸೂರಿನಲ್ಲಿ ನನಗೆ ಪ್ರಾಣಿಶಾಸ್ತ್ರ ಕಲಿಸಿದ್ದ ಪ್ರೊಫೆಸರು ನಿವೃತ್ತರಾಗಿ, ಒಂದು ಕ್ರಿಸ್‌ಮಸ್ ರಜೆಯಲ್ಲಿ ಹೆಂಡತಿಯನ್ನೂ ಕರೆದುಕೊಂಡು ರೈಲಿನಿಂದ ಇಳಿದರು. ನಮ್ಮ ಕಡೆಯ ಕೆರೆ, ಹೊಳೆ, ಕಾಡು ಎಲ್ಲ ಸುತ್ತಿ ಹಕ್ಕಿ ನೋಡಬೇಕು, ಜೊತೆಗೆ ನಾನಿರಬೇಕು ಎಂದು ಅಪ್ಪಣೆ. ರಜೆಯಲ್ಲಿ ಹಾಸಿಗೆ ಬಿಟ್ಟು ಏಳಬಾರದೆಂದು ವ್ರತ ತೊಟ್ಟಿದ್ದವನು ನಾನು. ಆದರೆ ಗುರುಗಳಿಗೆ ಇಲ್ಲ ಎನ್ನುವ ಧೈರ್ಯ ಆಗಿನ ಶಿಷ್ಯರಿಗೆ ಇರುತ್ತಿರಲಿಲ್ಲ. ಗೊಣಗುತ್ತಲೇ ಹೊರಟೆ. ಅಷ್ಟು ಸುಖದ ಪ್ರಯಾಣ ಮತ್ತೆ ನನ್ನ ಜನ್ಮದಲ್ಲಿ ಆಗಲಿಲ್ಲ.

೧. ಕರಿಬೇವಿನ ಬುಡ

ಪ್ರೊಫೆಸರು ನೋಡದಿರುವ ಹಕ್ಕಿ ನಮ್ಮ ಸೀಮೆಯಲ್ಲಿ ಒಂದೇ ಒಂದು ಉಳಿದಿತ್ತು. ಅದು ನವರಂಗ. ಮೈನಾದಷ್ಟು ದಪ್ಪ, ಮೋಟು ಬಾಲ, ಮೈತುಂಬ ಬಣ್ಣ. ಚಳಿಗಾಲಕ್ಕೆ ಉತ್ತರದಿಂದ ಬಂದು, ಪೊದೆಗಳ ಅಡಿಯಲ್ಲಿ ತರಗೆಲೆ ಕೆದಕಿಕೊಂಡಿರುತ್ತದೆ. ಬೆಳಗಾಗುವಾಗ, ಹೊತ್ತು ಮುಳುಗುವಾಗ ಎರಡೆಳೆಯ ಶಿಳ್ಳೆ ಹಾಕುತ್ತದೆ. ಆ ಶಿಳ್ಳೆಯನ್ನು ಅವರು ಎಷ್ಟೋ ಸಲ ಕೇಳಿದ್ದರು. ಹುಡುಕಿಕೊಂಡು ಹೋದಾಗೆಲ್ಲ ತರಗೆಲೆ ಮಾತ್ರ ಸಿಕ್ಕಿತ್ತು.

ಈಗ ಅವಸರ ಬೇರೆ ಬಂದಿತ್ತು. ಅವರ ಬಲಗಣ್ಣು ಪೊರೆ ಬಂದು ಮುಚ್ಚಿಯೇ ಹೋಗಿತ್ತು, ಎಡಗಣ್ಣೂ ಅದೇ ದಾರಿ ಹಿಡಿದಿತ್ತು. ಸಂಕ್ರಾಂತಿ ಕಳೆದ ಮೇಲೆ ಆಪರೇಷನ್. ಆಮೇಲೆ ಎಷ್ಟು ಕಾಣುತ್ತದೆಂದು ಡಾಕ್ಟರೂ ಹೇಳಿರಲಿಲ್ಲವಂತೆ.

ನಮ್ಮ ಮನೆಯ ಜಗಲಿಯಲ್ಲಿ ಕೂತು ಅವರು, "ಈ ಕಣ್ಣು ಇರೋದರೊಳಗೆ ನವರಂಗ ಒಂದನ್ನ ನೋಡಿಬಿಡಬೇಕು ಕಣಯ್ಯಾ. ಇನ್ನೇನೂ ಆಸೆ ಇಲ್ಲ," ಎಂದರು. ನಾನು ಅವರ ಲೋಟಕ್ಕೆ ಇನ್ನಷ್ಟು ಕಾಫಿ ಬಗ್ಗಿಸಿದೆ.

ಅವರ ಹೆಂಡತಿ, ನಾವೆಲ್ಲ ಅಮ್ಮಾವರು ಎನ್ನುತ್ತಿದ್ದೆವು, ಅವರೆಕಾಯಿ ಸುಲಿಯುತ್ತ, "ಅದನ್ನ ನಾನು ನೋಡಿದೀನಪ್ಪ," ಎಂದರು.

ನಾನು ಬೆಚ್ಚಿ ನೋಡಿದೆ. ಪ್ರೊಫೆಸರ ಮುಖ ಗಂಟಿಕ್ಕಿತ್ತು. ಇದು ಆ ಮನೆಯ ಹಳೆಯ ಗಾಯವೆಂದು ಗೊತ್ತಾಯಿತು.

"ನಮ್ಮ ಹಿತ್ತಲಲ್ಲೇ," ಅಮ್ಮಾವರು ಹೇಳಿದರು. "ಕರಿಬೇವು ಕೀಳೋಕೆ ಹೋಗಿದ್ದೆ. ಬುಡದಲ್ಲಿ ಕುಪ್ಪಳಿಸ್ತಾ ಇತ್ತು. ಇವರನ್ನ ಕೂಗಿದೆ. ಇವರು ಬೂಟು ಹಾಕ್ಕೊಂಡು, ಟೋಪಿ ಹುಡುಕ್ಕೊಂಡು, ದುರ್ಬೀನು ಒರೆಸ್ಕೊಂಡು ಬರೋ ಹೊತ್ತಿಗೆ ಅದು ತಿಂಡಿ ಮುಗಿಸ್ಕೊಂಡು ಹೊರಟುಹೋಗಿತ್ತು. ಹಿಂದಿನ ವರ್ಷವೂ ಒಂದು ಸಲ ಬಾವಿ ಹತ್ರ ಬಂದಿತ್ತು."

"ಅವಳು ನೋಡಿದ್ದು ನವರಂಗ ಅಲ್ಲ ಕಣಯ್ಯಾ," ಎಂದರು ಪ್ರೊಫೆಸರು ಬಿಗಿಯಾಗಿ. "ಬಣ್ಣ ಕಂಡ ತಕ್ಷಣ ನವರಂಗ ಆಗಿಬಿಡುತ್ತಾ? ಮಿಂಚುಳ್ಳಿ ಇದ್ದಿರಬೇಕು."

ಅಮ್ಮಾವರು ತಲೆ ಎತ್ತದೆ, "ಹೌದು, ಕರಿಬೇವಿನ ಬುಡದಲ್ಲಿ ಮೀನು ಹಿಡಿಯೋಕೆ ಬಂದಿತ್ತು," ಎಂದರು.

೨. ಹೊಳೆಯ ಮೆಟ್ಟಿಲು

ಮೊದಲ ಬೆಳಗ್ಗೆ ಹೇಮಾವತಿಯ ದಡಕ್ಕೆ ಹೋದೆವು. ಆಚೆ ದಡದ ಬಂಡೆಗಳ ಮೇಲೆ ನೀರುನಾಯಿಗಳು ಎಳೆಬಿಸಿಲಿಗೆ ಮೈಯೊಡ್ಡಿ ಮಲಗಿರುತ್ತವೆಂದು ನಾನೇ ಹೇಳಿದ್ದೆ. ಪ್ರೊಫೆಸರು ಒಂದು ಮರದ ಮರೆಯಲ್ಲಿ ಕೂತು ದುರ್ಬೀನು ಏರಿಸಿದರು. ಅವರಿಗೂ ನೀರುನಾಯಿಗೂ ನಡುವೆ ಬಟ್ಟೆ ಒಗೆಯುವ ಮೆಟ್ಟಿಲು ಇದೆ ಎಂಬುದನ್ನು ಅವರೂ ಗಮನಿಸಲಿಲ್ಲ, ನಾನೂ ಹೇಳಲಿಲ್ಲ.

ಬಟ್ಟೆ ಬಡಿಯುವ ಸದ್ದು ಒಂದೊಂದಾಗಿ ನಿಂತಿತು. ಹೆಂಗಸರೆಲ್ಲ ನಮ್ಮ ಕಡೆ ತಿರುಗಿ ನಿಂತಿದ್ದರು. ಒಬ್ಬ ಗಟ್ಟಿ ಮುದುಕಿ ಹಿಂಡಿದ ಸೀರೆಯನ್ನು ಕೈಯಲ್ಲಿ ತಿರುಗಿಸುತ್ತಾ ಮೇಲೆ ಹತ್ತಿಬಂದಳು.

"ಏನಯ್ಯಾ, ನೋಡಿದ್ರೆ ದೊಡ್ ಮನ್ಸನಂಗಿದ್ದೀಯೆ. ಎಣ್ಣೈಕ್ಳು ಬಟ್ಟೆ ಒಗ್ಯೋ ತಾವ ಕನ್ನಡಿ ಇಟ್ಕಂಡು ಕುಂತಿದ್ದೀಯಲ್ಲ, ನಾಚ್ಕೆ ಆಗಾಕಿಲ್ವಾ?"

ಪ್ರೊಫೆಸರು ತಬ್ಬಿಬ್ಬಾದರು. "ಇಲ್ಲಮ್ಮ, ನಾನು ಮೈಸೂರಿಂದ ಬಂದಿದೀನಿ, ಆ ಕಡೆ ನೀರುನಾಯಿ..."

"ನೀರ್ನಾಯಿ ನೋಡಾಕೆ ಮೈಸೂರಿಂದ ಬಂದ್ಯಾ? ಯಾರಿಗೆ ಏಳ್ತೀಯೆ ಇದ್ನ?"

ಸೀರೆ ಇನ್ನೊಂದು ಸುತ್ತು ತಿರುಗಿತು. ನಾನು ಊರಿನ ಮೇಷ್ಟ್ರು. ನಾಳೆ ಇದೇ ಊರಿನಲ್ಲಿ ತಲೆ ಎತ್ತಿ ಓಡಾಡಬೇಕು. ಅಷ್ಟರಲ್ಲಿ ಅಮ್ಮಾವರು ಬಂದು, ಗಂಡನ ಕುತ್ತಿಗೆಯಿಂದ ದುರ್ಬೀನು ತೆಗೆದು ಮುದುಕಿಯ ಕುತ್ತಿಗೆಗೆ ಹಾಕಿ, "ನೀವೇ ನೋಡಿಬಿಡಿ ಅಜ್ಜಿ," ಎಂದರು.

ಮುದುಕಿ ನೋಡಿದಳು. ಮೊದಲು, "ಅಯ್ಯೋ ನಮ್ ತಾಯೇ!" ಎಂದು ಹಿಂದಕ್ಕೆ ಜಿಗಿದಳು. ಆಮೇಲೆ ಮತ್ತೆ ನೋಡಿದಳು. ಆಚೆ ದಡದ ಗದ್ದೆಯ ಕಡೆ ನಿಧಾನವಾಗಿ ತಿರುಗಿದಳು. ಅಲ್ಲಿಗೇ ನಿಂತಳು. ಅವಳ ದವಡೆ ಬಿಗಿಯಿತು.

"ಏಯ್!" ಎಂದು ಹೊಳೆ ನಡುಗುವಂತೆ ಕೂಗಿದಳು. "ನೇಗ್ಲು ಬುಟ್ಟು ಬೀಡಿ ಸೇದ್ತಾ ಕುಂತಿದ್ದೀಯೇನ್ಲಾ! ಬಿಸಾಕ್ಲಾ ಅದ್ನ!"

ಬಂಡೆಯ ಮೇಲಿದ್ದ ನೀರುನಾಯಿಗಳು ದುಡುಂ ದುಡುಂ ಎಂದು ನೀರಿಗೆ ಬಿದ್ದವು. ಕೊಕ್ಕರೆಗಳು ಎದ್ದುಹೋದವು. ಆಚೆ ಗದ್ದೆಯಲ್ಲಿ ಒಬ್ಬ ಗಂಡಸು, ಅವಳ ಮಗನೇ ಇರಬೇಕು, ಹೌಹಾರಿ ಎದ್ದು ನಿಂತು, ಬೀಡಿ ಬಿಸಾಕಿ, ಆಕಾಶದ ಕಡೆ ನೋಡುತ್ತಿದ್ದದ್ದು ನನ್ನ ಬರಿಗಣ್ಣಿಗೂ ಕಂಡಿತು.

ಆಮೇಲೆ ಮೆಟ್ಟಿಲ ಮೇಲೆ ಸಾಲು ನಿಂತಿತು. ಆಚೆ ದಡದಲ್ಲಿ ಗಂಡ, ಮಗ, ಅಳಿಯ ಕೆಲಸ ಮಾಡುತ್ತಿದ್ದ ಹೆಂಗಸರೆಲ್ಲ ಒಬ್ಬೊಬ್ಬರಾಗಿ ನೋಡಿದರು. ಯಾರಿಗೂ ಸಮಾಧಾನವಾದಂತೆ ಕಾಣಲಿಲ್ಲ. ದುರ್ಬೀನು ನಮ್ಮ ಕೈ ಸೇರುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದು, ಹಕ್ಕಿ ನೋಡುವ ಹೊತ್ತು ಮೀರಿತ್ತು.

ಹೊರಡುವಾಗ ಮುದುಕಿ ಬಹಳ ಮರ್ಯಾದೆಯಿಂದ, "ನಾಳೀಕೂ ಬನ್ನಿ ಸಾ," ಎಂದಳು. "ಅವನು ನಾಳೀಕೂ ಅಲ್ಲೇ ಉಳೋದು."

೩. ಗೆಜ್ಜೆ ಬಿಚ್ಚಿದ ಎತ್ತು

ಚನ್ನರಾಯಪಟ್ಟಣದ ಕಡೆಗೆ ಎತ್ತಿನ ಗಾಡಿಯಲ್ಲಿ ಹೊರಟೆವು. ಬಸ್ಸು ಇರಲಿಲ್ಲವೆಂದಲ್ಲ. ಪೆಟ್ರೋಲು ಸಿಗದೆ ಇದ್ದಿಲಿನ ಹೊಗೆಯಲ್ಲಿ ಓಡುತ್ತಿದ್ದ ಬಸ್ಸೊಂದಿತ್ತು. ದಿಣ್ಣೆ ಬಂದ ಕಡೆಯಲ್ಲೆಲ್ಲ ಅದು ಜನರನ್ನು ಇಳಿಸಿ ತಳ್ಳಿಸಿಕೊಳ್ಳುತ್ತಿತ್ತು. ಟಿಕೆಟ್ಟು ತೆಗೆದುಕೊಂಡು ಯಾಕೆ ತಳ್ಳಬೇಕು ಎಂದು ಅಮ್ಮಾವರು ಕೇಳಿದ ಮೇಲೆ ಗಾಡಿ ಗೊತ್ತುಮಾಡಿದೆವು.

ಗಾಡಿ ಚೆನ್ನಾಗಿತ್ತು. ಒಳಗೆ ಹುಲ್ಲು, ಮೇಲೆ ಜಮಖಾನ, ಅಮ್ಮಾವರ ಹುರಿಗಾಳು, ಚಟ್ನಿಪುಡಿ. ಗಾಡಿಯವನಿಗೆ ತನ್ನ ಎತ್ತುಗಳೆಂದರೆ ಪ್ರಾಣ; ಎತ್ತುಗಳ ಕೊರಳಿನ ಗೆಜ್ಜೆಸರವೆಂದರೆ ಅದಕ್ಕಿಂತ ಒಂದು ಗುಲಗಂಜಿ ಹೆಚ್ಚು. ಪ್ರೊಫೆಸರಿಗೆ ಅದೇ ಆಗಲಿಲ್ಲ. ಈ ಗಲಾಟೆಗೆ ಹಕ್ಕಿಯೆಲ್ಲ ಹಾರಿಹೋಗುತ್ತವೆ, ಬಿಚ್ಚು ಎಂದರು.

"ಗೆಜ್ಜೆ ಬಿಚ್ಚಿದ್ರೆ ಇವು ಎಜ್ಜೆ ಎತ್ತಾಕಿಲ್ಲ ಸಾ," ಎಂದ ಗಾಡಿಯವ.

ಪ್ರೊಫೆಸರು ಪಾಠ ಶುರು ಮಾಡಿದರು. ಎತ್ತಿನ ಕಾಲಿಗೂ ಕಿವಿಗೂ ನಡುವೆ ಇರುವ ನರಗಳು, ಅಭ್ಯಾಸ, ಹಸಿವು ಎಲ್ಲ ವಿವರಿಸಿ, ನಡಿಗೆಗೂ ಗೆಜ್ಜೆಗೂ ಯಾವ ಸಂಬಂಧವೂ ಇಲ್ಲವೆಂದು ಸ್ಥಾಪಿಸಿದರು. ಗಾಡಿಯವ ಮುಖ ಸಣ್ಣದು ಮಾಡಿಕೊಂಡು ಗೆಜ್ಜೆ ಬಿಚ್ಚಿ ಚೀಲಕ್ಕೆ ಹಾಕಿದ.

ಎತ್ತುಗಳು ಒಂದರ ಮುಖ ಒಂದು ನೋಡಿದವು. ಒಂದು ನಿಂತೇ ಬಿಟ್ಟಿತು. ಇನ್ನೊಂದು ನೊಗದ ಸಮೇತ ಮಲಗಿತು. ಬಾಲ ತಿರುವಿದರೂ ಇಲ್ಲ, ಹುಲ್ಲು ತೋರಿಸಿದರೂ ಇಲ್ಲ.

"ಕಳ್ತನಕ್ಕೆ ಓಯ್ತಾ ಇದ್ದೀವಿ ಅನ್ಕಂಡವೆ ಸಾ," ಎಂದ ಗಾಡಿಯವ. "ಮರ್ವಾದಸ್ತರ ಮನೇಲಿ ಬೆಳ್ದವು. ಸದ್ದಿಲ್ದೆ ಓಗು ಅಂದ್ರೆ ಎಂಗ್ ಓದಾವು?"

ಕೊನೆಗೆ ಗಾಡಿಯವನೇ ಎತ್ತುಗಳ ಮುಂದೆ ನಡೆಯುತ್ತಾ ಬಾಯಲ್ಲಿ "ಘಲ್ ಘಲ್, ಘಲ್ ಘಲ್" ಎಂದ. ಮಲಗಿದ್ದದ್ದು ಎದ್ದಿತು. ಗಾಡಿ ಹೊರಟಿತು. ಪ್ರೊಫೆಸರು ಇದನ್ನು ಒಪ್ಪಿಕೊಳ್ಳದೆ ಒಪ್ಪಿಕೊಂಡು, "ಸ್ವಲ್ಪ ಮೆತ್ತಗೆ ಅನ್ನಪ್ಪ," ಎಂದರು. ಒಂದಷ್ಟು ದೂರ ಹೋಗುವಷ್ಟರಲ್ಲಿ ಗಾಡಿಯವನ ಗಂಟಲು ಒಣಗಿತು. ಗೆಜ್ಜೆಯನ್ನು ಮತ್ತೆ ಕಟ್ಟು ಎನ್ನಲು ಪ್ರೊಫೆಸರಿಗೆ ಮನಸ್ಸು ಬರಲಿಲ್ಲ. ತಾವೇ ಇಳಿದರು. ಕೋಟು, ಟೋಪಿ, ದುರ್ಬೀನಿನ ಸಮೇತ ಎತ್ತಿನ ಮುಂದೆ ನಿಂತು "ಘಲ್ ಘಲ್" ಎನ್ನುತ್ತಾ ನಡೆದರು. ಎತ್ತುಗಳು ಬಹಳ ಶ್ರದ್ಧೆಯಿಂದ ಹಿಂದೆ ಬಂದವು.

ಗಾಡಿಯೊಳಗಿಂದ ಅಮ್ಮಾವರು ಅದನ್ನು ಸ್ವಲ್ಪ ಹೊತ್ತು ನೋಡಿ, ನನ್ನ ಕಡೆ ತಿರುಗಿ, "ಇಷ್ಟು ವರ್ಷ ಕಾಲೇಜಿನಲ್ಲಿ ಪಾಠ ಹೇಳಿದರಲ್ಲಪ್ಪ, ಇಷ್ಟು ಗಮನ ಕೊಟ್ಟು ಕೇಳಿದವರು ಇವೆರಡೇ ಇರಬೇಕು," ಎಂದರು. ಅವರ ಶಿಷ್ಯ ನಾನು, ಹುರಿಗಾಳು ತಿನ್ನುತ್ತಾ ಕೂತಿದ್ದೆ.

೪. ಪಟೇಲರ ಸೋವು

ದಂಡಿಗನಹಳ್ಳಿ ಕಡೆಯ ಒಂದು ಊರಿನಲ್ಲಿ ಒಳ್ಳೆಯ ಕೆರೆ ಇತ್ತು. ಮೈಸೂರಿನಿಂದ ದೊಡ್ಡವರೊಬ್ಬರು ಹಕ್ಕಿಗೆ ಬರುತ್ತಾರೆ ಎಂದು ಪಟೇಲರಿಗೆ ಮೊದಲೇ ಹೇಳಿಕಳಿಸಿದ್ದೆ. ಇನ್ನೂ ಒಂದೆರಡು ಮಾತು ಸೇರಿಸಬೇಕಿತ್ತು ಎಂದು ಆಮೇಲೆ ಗೊತ್ತಾಯಿತು.

ಮಂಜು ಹರಿಯುವ ಮೊದಲೇ ಜೊಂಡಿನ ಮರೆಯಲ್ಲಿ ಕೂತೆವು. ಎಂಥ ಕೆರೆ ಅದು! ನೀರಿನ ಮೇಲೆ ಪಟ್ಟೆತಲೆ ಬಾತುಗಳು ಕಪ್ಪಗೆ ತೇಲುತ್ತಿದ್ದವು. ನಾಮದ ಕೋಳಿಗಳು, ಗುಳುಮುಳುಕಗಳು, ಅಂಚಿನುದ್ದಕ್ಕೂ ಬೆಳ್ಳಕ್ಕಿ. ಈಗ ನೆನೆದರೂ ನನಗೆ ಮೈ ಜುಮ್ಮೆನ್ನುತ್ತದೆ. ಅಮ್ಮಾವರಿಗೆ ಸೀನಕೂಡದೆಂದು ಆಜ್ಞೆಯಾಗಿತ್ತು. ಪಾಪ, ಮೂಗು ಹಿಡಿದುಕೊಂಡೇ ಕೂತಿದ್ದರು. ಪ್ರೊಫೆಸರು ದುರ್ಬೀನನ್ನು ಎಡಗಣ್ಣಿಗೆ ಒತ್ತಿ, ಉಸಿರು ಬಿಗಿಹಿಡಿದು, "ಮಂಜು ಸ್ವಲ್ಪ ಎದ್ದರೆ ಸಾಕು," ಎಂದು ಪಿಸುಗುಟ್ಟಿದರು.

ಮಂಜು ಎದ್ದಿತು. ಆಚೆ ಕಡೆಯಿಂದ ತಮಟೆಯ ಸದ್ದು ಶುರುವಾಯಿತು.

ನಮ್ಮ ಕಡೆ ಅಮಲ್ದಾರರೋ ಪ್ಲಾಂಟರುಗಳೋ ಬಾತಿನ ಬೇಟೆಗೆ ಬಂದರೆ ಊರವರು ಸೋವು ಮಾಡುವ ಪದ್ಧತಿ. ಸೋವು ಎಂದರೆ ಆಚೆ ದಡದಿಂದ ನೀರಿಗಿಳಿದು ತಮಟೆ ಹೊಡೆದು, ಕೂಗು ಹಾಕಿ, ಹಕ್ಕಿಗಳನ್ನು ಕೋವಿಯ ಕಡೆಗೆ ಎಬ್ಬಿಸುವುದು. ಪಟೇಲರು ಇಡೀ ಊರನ್ನೇ ನೀರಿಗೆ ಇಳಿಸಿದ್ದರು. ಡಬ್ಬ, ಜಾಗಟೆ, ಕೊಂಬು ಯಾವುದನ್ನೂ ಮನೆಯಲ್ಲಿ ಬಿಟ್ಟಿರಲಿಲ್ಲ. ಇಡೀ ಕೆರೆ ಒಂದೇ ಸಲ ಆಕಾಶಕ್ಕೆದ್ದು, ನಮ್ಮ ತಲೆಯ ಮೇಲೆ ಒಂದು ಸುತ್ತು ಹಾಕಿ, ಹೊರಟೇಹೋಯಿತು.

ಪಟೇಲರು ಏರಿಯ ಮೇಲೆ ಓಡೋಡಿ ಬಂದರು. "ವೊಡೀರಿ ಸಾ, ವೊಡೀರಿ! ಒಂದೂ ಉಳ್ಸಿಲ್ಲ, ಎಲ್ಲಾನೂ ಎಬ್ಬಿಸ್ಬುಟ್ಟಿದ್ದೀವಿ!"

"ನನ್ನ ಹತ್ತಿರ ಕೋವಿ ಇಲ್ಲ," ಎಂದರು ಪ್ರೊಫೆಸರು.

ಪಟೇಲರ ಮುಖದಲ್ಲಿ ಅಪಾರ ಕನಿಕರ ಮೂಡಿತು. "ಮರ್ತು ಬಂದ್ಬುಟ್ರಾ ಸಾ? ಇರ್ಲಿ ತಕಳಿ, ನಮ್ದೇ ತರುಸ್ತೀನಿ."

ನಾನು ನಡುವೆ ಬಾಯಿ ಹಾಕಿ, ಇವರು ಹೊಡೆಯುವವರಲ್ಲ, ನೋಡುವವರು ಮಾತ್ರ ಎಂದು ತಿಳಿಸಿ ಹೇಳಿದೆ. ಪಟೇಲರು ಅದನ್ನು ಮನಸ್ಸಿನಲ್ಲೇ ತೂಗಿ ನೋಡಿದರು. ಒಳ್ಳೆಯವರು, ಅತಿಥಿಗೆ ನೋವಾಗಬಾರದು ಎಂಬ ಸ್ವಭಾವ. ಪ್ರೊಫೆಸರು ಹೋಗಲಿ ಎಂದು ನವರಂಗದ ವಿಷಯ ಎತ್ತಿ, ಬಣ್ಣಗಳನ್ನೆಲ್ಲ ವರ್ಣಿಸಿ, ಈ ಕಡೆ ಎಲ್ಲಾದರೂ ಕಂಡಿದೆಯೇ ಎಂದು ಕೇಳಿದರು. ಪಟೇಲರು ಎಲ್ಲ ಕೇಳಿಸಿಕೊಂಡು, "ಮಾಂಸ ಎಷ್ಟ್ ಬೀಳ್ತದೆ ಸಾ ಅದ್ರಲ್ಲಿ?" ಎಂದರು.

ಬೀಳುವುದಿಲ್ಲ, ಅದನ್ನೂ ನೋಡುವುದು ಅಷ್ಟೇ ಎಂದೆ.

ಪಟೇಲರು ಪ್ರೊಫೆಸರ ಬಾಡಿದ ಮುಖ ನೋಡಲಾರದೆ ನೀರಿನಲ್ಲಿದ್ದ ಊರಿನ ಕಡೆ ತಿರುಗಿ, "ಲೇ, ಯಾರೂ ಮೇಲಕ್ ಬರ್ಬ್ಯಾಡಿ ಕಣ್ರಲಾ!" ಎಂದು ಕೂಗಿದರು. ಆಮೇಲೆ ನಮಗೆ, "ಸಂಜೀಕೆ ಅವು ವಾಪಸ್ ಬತ್ತವೆ ಸಾ. ಇನ್ನೊಂದ್ ದಪ ಸೋವು ಮಾಡುಸ್ತೀನಿ, ಸಂದಾಕಿ ನೋಡ್ಕಳಿ," ಎಂದರು.

೫. ಎರಡೆಳೆಯ ಶಿಳ್ಳೆ

ಅಲ್ಲಿಂದ ಹಿಂದಿರುಗಿ ಅರಕಲಗೂಡಿನ ಕಡೆ ಇಳಿದೆವು. ಕಾವೇರಿಯ ದಡದ ರುದ್ರಪಟ್ಟಣದಲ್ಲಿ ಪ್ರೊಫೆಸರಿಗೆ ಪರಿಚಯದ ಸಂಗೀತ ವಿದ್ವಾಂಸರೊಬ್ಬರಿದ್ದರು. ಆ ಊರಿನಲ್ಲಿ ಸಂಗೀತ ಬಾರದವನೆಂದರೆ ಆಗ ತಾನೇ ಬಸ್ಸಿಳಿದವನು ಎಂದು ಅರ್ಥ. ವಿದ್ವಾಂಸರದು ಗಂಭೀರ ಸ್ವಭಾವ. ಶಾಲು ಹೊದೆಯದೆ ಬೀದಿಗೆ ಇಳಿಯುವವರಲ್ಲ.

ನವರಂಗದ ವಿಷಯ, ಕಣ್ಣಿನ ವಿಷಯ ಎರಡನ್ನೂ ಅಮ್ಮಾವರು ಊಟದ ಹೊತ್ತಿನಲ್ಲಿ ಹೇಳಿದರು. ವಿದ್ವಾಂಸರು ಬಹಳ ಮರುಗಿದರು. "ಆ ಶಿಳ್ಳೆ ನಮ್ಮ ಹಿತ್ತಲ ಹಿಂದಿನ ತೋಪಿನಲ್ಲಿ ದಿನಾ ಕೇಳುತ್ತೆ. ಎರಡೇ ಸ್ವರ, ಆದರೆ ಶುದ್ಧವಾಗಿ ನಿಲ್ಲಿಸುತ್ತೆ," ಎಂದರು.

ಆ ಸಂಜೆ ಹೊತ್ತು ಮುಳುಗುವ ಮುಂಚೆ ಪ್ರೊಫೆಸರೂ ನಾನೂ ತೋಪಿಗೆ ನುಗ್ಗಿದೆವು. ದೊಡ್ಡ ಪೊದೆಯೊಂದರ ಆಚೆಯಿಂದ ಶಿಳ್ಳೆ ಕೇಳಿಯೇ ಬಿಟ್ಟಿತು! ಪ್ರೊಫೆಸರು ನನ್ನ ಕೈ ಹಿಂಡಿದರು. ಮೊಣಕಾಲೂರಿ, ಕೆಸರಿನಲ್ಲಿ ತೆವಳುತ್ತಾ ಹತ್ತಿರ ಹೋಗಿ, ತಾವೂ ಅದೇ ಶಿಳ್ಳೆ ಹಾಕಿದರು. ಆಚೆಯಿಂದ ಉತ್ತರ ಬಂತು. ಇವರು ಮತ್ತೆ ಹಾಕಿದರು. ಅದು ಮತ್ತೆ ಉತ್ತರಿಸಿತು. "ಹತ್ತಿರ ಬರ್ತಾ ಇದೆ," ಎಂದರು ಕಿವಿಯಲ್ಲಿ. ನಿಜ, ತರಗೆಲೆ ಸದ್ದೂ ಕೇಳುತ್ತಿತ್ತು. ನವರಂಗ ಇಷ್ಟು ಭಾರವಾಗಿ ಹೆಜ್ಜೆ ಹಾಕುತ್ತದೆಯೇ ಎಂದು ನನಗೆ ಅನುಮಾನ ಬಂತು. ಆದರೆ ಗುರುಗಳ ಆ ಮುಖ ನೋಡಿ ಹೇಳುವ ಮನಸ್ಸಾಗಲಿಲ್ಲ.

ಕೊನೆಗೆ ಪ್ರೊಫೆಸರು ಪೊದೆಯ ಕೊಂಬೆಯನ್ನು ಮೆಲ್ಲಗೆ ಸರಿಸಿದರು. ಆ ಕಡೆಯಿಂದಲೂ ಒಂದು ಕೈ ಕೊಂಬೆ ಸರಿಸಿತು. ಕೆಸರಿನಲ್ಲಿ ಮೊಣಕಾಲೂರಿ, ಶಾಲನ್ನು ಸೊಂಟಕ್ಕೆ ಬಿಗಿದು, ಶಿಳ್ಳೆಗೆ ತುಟಿ ಮಡಿಸಿಕೊಂಡೇ ವಿದ್ವಾಂಸರು ಕೂತಿದ್ದರು.

ಹಕ್ಕಿಯನ್ನು ಸ್ನೇಹಿತನ ಕಡೆಗೆ ಕರೆತರೋಣವೆಂದು ಆ ಮಹನೀಯರು ಆ ಕಡೆಯಿಂದ ಬಂದಿದ್ದರಂತೆ. ತುಟಿ ಬಿಚ್ಚಿ ಅವರು ಮೊದಲು ಹೇಳಿದ್ದು, "ನಾನು ಶಿಳ್ಳೆ ಹೊಡೆದೆ ಅಂತ ದಯವಿಟ್ಟು ಊರಲ್ಲಿ ಹೇಳಬೇಡಿ."

ಮೂವರೂ ಕೆಸರು ಝಾಡಿಸಿಕೊಂಡು ಹಿತ್ತಲಿಗೆ ಬಂದೆವು. ಅಮ್ಮಾವರು ಬಚ್ಚಲ ಕಲ್ಲಿನ ಮೇಲೆ ಕೂತಿದ್ದವರು ತಟ್ಟನೆ ಎದ್ದರು. ಅವರ ಮುಖ ನೋಡಿದ ಕೂಡಲೆ ನನಗೆ ತಿಳಿಯಿತು.

"ಎಲ್ಲಿ?" ಎಂದರು ಪ್ರೊಫೆಸರು.

"ಬಾಳೆ ಬುಡದಲ್ಲಿ," ಎಂದರು ಅಮ್ಮಾವರು ತಪ್ಪು ಮಾಡಿದವರ ಹಾಗೆ. "ಎರೆಹುಳ ತಿಂತಾ ಇತ್ತು. ನೀವಿಬ್ಬರೂ ಶಿಳ್ಳೆ ಹೊಡೆದಾಗೆಲ್ಲ ಒಂದು ಸಲ ತಲೆ ಎತ್ತಿ ಕೇಳ್ತಿತ್ತು. ಆಮೇಲೆ ಮತ್ತೆ ತಿಂತಿತ್ತು."

೬. ಕಣ್ಣಿಗೆ ಮದ್ದು

ಉಳಿದದ್ದು ಅರಕಲಗೂಡಿನಿಂದ ಪಶ್ಚಿಮಕ್ಕಿದ್ದ ಕಾಡು ಒಂದೇ. ಕಾಡಿನ ಅಂಚಿನಲ್ಲಿ ಒಂದು ಹಳೆಯ ಚಪ್ಪರದಲ್ಲಿ ಇಳಿದುಕೊಂಡೆವು. ಕೆಂದಳಿಲು ಕಂಡಿತು, ಕಾಡುಕೋಳಿ ಕಂಡಿತು, ಮಂಗಟ್ಟೆ ಹಕ್ಕಿ ರೆಕ್ಕೆಯ ಸದ್ದು ಮಾಡುತ್ತಾ ತಲೆಯ ಮೇಲೆ ಹೋಯಿತು. ಆನೆಯ ಲದ್ದಿ ಕಂಡಾಗಿನಿಂದ ಗಾಡಿಯವ ಗಾಡಿ ಬಿಟ್ಟು ಕೆಳಗಿಳಿಯಲಿಲ್ಲ.

ಪ್ರೊಫೆಸರ ಕಣ್ಣು ಮಾತ್ರ ದಿನೇ ದಿನೇ ಮಂಕಾಗುತ್ತಿತ್ತು. ಒಂದು ಬೆಳಗ್ಗೆ ಪೊದೆಯ ಕೆಳಗೆ ಬೆರಳು ತೋರಿಸಿ, "ಅಗೋ! ಕೆಂಪು!" ಎಂದರು. ಬಗ್ಗಿ ಬಗ್ಗಿ ಹತ್ತಿರ ಹೋದರು. "ಎಲೆ ಕಣಯ್ಯಾ," ಎಂದು ಹಿಂದಿರುಗಿದವರು ಆ ದಿನ ಮತ್ತೆ ದುರ್ಬೀನು ಮುಟ್ಟಲಿಲ್ಲ. ಆ ಹಾಳು ಹಕ್ಕಿಗೆ ಒಂದು ಗಳಿಗೆ ಬಂದು ನಿಲ್ಲಲು ಏನು ಕಷ್ಟ ಎಂದು ಅದನ್ನೇ ಬಯ್ದೆ.

ಹೊರಡುವ ಬೆಳಗ್ಗೆ ಬಂತು. ಹಾಸನಕ್ಕೆ ಹೋಗಿ ರೈಲು ಹಿಡಿಯಬೇಕು. ಗಾಡಿಯವ ಎತ್ತು ಕಟ್ಟಿ ಕಾಯುತ್ತಿದ್ದ. ಪ್ರೊಫೆಸರು ಬಿದ್ದ ಮರವೊಂದರ ಮೇಲೆ ಕೂತಿದ್ದರು. ಅಮ್ಮಾವರು ಅವರ ಎದುರು ನಿಂತು, ಮುಖ ಮೇಲೆತ್ತಿ, ಕಣ್ಣಿಗೆ ಡಾಕ್ಟರು ಕೊಟ್ಟ ಮದ್ದು ಬಿಡುತ್ತಿದ್ದರು. ಮದ್ದು ಬಿಟ್ಟ ಮೇಲೆ ಅದು ಹೀರಿಕೊಳ್ಳುವ ತನಕ ಕಣ್ಣು ತೆರೆಯಕೂಡದು. ಈ ಒಂದು ವಿಷಯದಲ್ಲಿ ಅಮ್ಮಾವರು ಡಾಕ್ಟರಿಗಿಂತ ಬಿಗಿ. ಬೆಂಕಿ ಬಿದ್ದರೂ ತೆರೆಯಬೇಡಿ ಎನ್ನುತ್ತಿದ್ದರು. ಪ್ರೊಫೆಸರು ಕಣ್ಣು ಬಿಗಿಯಾಗಿ ಮುಚ್ಚಿ, ತಲೆ ಹಿಂದಕ್ಕೆ ಚೆಲ್ಲಿ ಕೂತರು. ಕೆನ್ನೆಯ ಮೇಲೆ ಮದ್ದು ಇಳಿಯುತ್ತಿತ್ತು.

ಆಗ ಬಂತು.

ಮರದ ಬುಡದ ತರಗೆಲೆಯಿಂದ ಟಣ್ಣನೆ ಕುಪ್ಪಳಿಸಿ ಹೊರಗೆ ಬಂದು, ಪ್ರೊಫೆಸರ ಕಾಲಿನಿಂದ ಗೇಣು ದೂರದಲ್ಲಿ ನಿಂತಿತು. ಹಸಿರು ಬೆನ್ನು, ರೆಕ್ಕೆಯಲ್ಲಿ ನೀಲಿ, ಬಾಲದಡಿಯಲ್ಲಿ ಕುಂಕುಮ. ಕೊಕ್ಕಿನಲ್ಲಿ ಒಂದು ಹುಳ ನೇತಾಡುತ್ತಿತ್ತು. ನಾನು ಬಾಯಿ ತೆರೆದುಕೊಂಡು ನಿಂತೆ. ಗಾಡಿಯ ಮೇಲಿದ್ದ ಗಾಡಿಯವನ ಬಾಯಿಯೂ ತೆರೆದಿತ್ತು.

ಅಮ್ಮಾವರು ಕೆಳಗೆ ನೋಡಿದರು. ಒಂದು ಉಸಿರಿನಷ್ಟು ಹೊತ್ತು ಹಾಗೇ ನಿಂತರು. ಆಮೇಲೆ ಸೆರಗಿನ ತುದಿಯಿಂದ ಗಂಡನ ಎರಡೂ ಕಣ್ಣಿನ ಮದ್ದನ್ನು ಒರೆಸಿಹಾಕಿ, ಗದ್ದ ಹಿಡಿದು ತಲೆ ಕೆಳಗೆ ಬಗ್ಗಿಸಿ, "ಕಣ್ಣು ಬಿಡಿ," ಎಂದು ಪಿಸುಗುಟ್ಟಿದರು. "ಕೆಳಗೆ. ಕಾಲ ಹತ್ರ."

ಪ್ರೊಫೆಸರ ಕೈ ತಾನಾಗಿ ದುರ್ಬೀನಿಗೆ ಹೋಯಿತು. ಅಮ್ಮಾವರು ಅದನ್ನು ಹಿಡಿದುಕೊಂಡರು. ಪ್ರೊಫೆಸರು ನೋಡಿದರು.

ನವರಂಗವೂ ಅವರನ್ನು ನೋಡಿತು. ಒಂದು ಸಲ ಅವರ ಬೂಟಿನ ಮೇಲೆ ಹತ್ತಿತು, ಇಳಿಯಿತು, ಮೋಟು ಬಾಲ ಕುಣಿಸಿತು, ಲಂಟಾನದೊಳಗೆ ಹೊಕ್ಕು ಹೋಯಿತು.

ಬಹಳ ಹೊತ್ತು ಪ್ರೊಫೆಸರು ಬೂಟನ್ನೇ ನೋಡುತ್ತಾ ಕೂತಿದ್ದರು. ಕಣ್ಣು ಸುರಿಯುತ್ತಿತ್ತು; ಮದ್ದೆಲ್ಲ ಆಗಲೇ ಒರೆಸಿಯಾಗಿತ್ತು. ಕೊನೆಗೆ ತಲೆ ಎತ್ತಿ, ದನಿಯಲ್ಲಿ ಒಂದು ಅಳುಕು ಇಟ್ಟುಕೊಂಡು, "ನೀನೂ ನೋಡಿದೆಯೇನೇ?" ಎಂದು ಕೇಳಿದರು.

ಅಮ್ಮಾವರು ಆಗಲೇ ಬೆನ್ನು ತಿರುಗಿಸಿ ಮದ್ದಿನ ಬುಡ್ಡಿಗೆ ಬಿರಡೆ ಹಾಕುತ್ತಿದ್ದರು. "ಏನನ್ನ?"

"ನವರಂಗ ಕಣೇ! ನವರಂಗ!"

"ಬಂದಿತ್ತಾ? ಅಯ್ಯೋ, ನಾನು ನೋಡಲೇ ಇಲ್ಲವಲ್ಲ," ಎಂದರು ಅಮ್ಮಾವರು.

ನಾನು ಅವರ ಮುಖವನ್ನೇ ದಿಟ್ಟಿಸಿದೆ. ನನ್ನ ಪಕ್ಕದಲ್ಲಿ ಹಾದು ಗಾಡಿ ಹತ್ತುವಾಗ, ನನಗೊಬ್ಬನಿಗೇ ಕೇಳುವಂತೆ, "ಒಂದಾದರೂ ಅವರೊಬ್ಬರದೇ ಆಗಿರಲಿ ಬಿಡಪ್ಪ," ಎಂದರು.

ಆಪರೇಷನ್ ಆದ ಮೇಲೆ ಪ್ರೊಫೆಸರಿಗೆ ದಪ್ಪ ಕನ್ನಡಕದಲ್ಲಿ ಪೇಪರು ಓದುವಷ್ಟು ಕಣ್ಣು ಬಂತು. ಪೊದೆಯ ಕೆಳಗಿನ ಹಕ್ಕಿ ಕಾಣುವಷ್ಟು ಬರಲಿಲ್ಲ. ಆದರೆ ಅವರಿಗೆ ಅದರ ಕೊರಗು ಇರಲಿಲ್ಲ. ಮೈಸೂರಿಗೆ ಹೋದಾಗಲೆಲ್ಲ ನನ್ನನ್ನು ಕೂರಿಸಿಕೊಂಡು ಆ ಬೆಳಗ್ಗೆಯನ್ನೇ ಹೇಳುತ್ತಿದ್ದರು, ನಾನು ಅಲ್ಲಿರಲೇ ಇಲ್ಲವೇನೋ ಎಂಬಂತೆ.

ಅದನ್ನು ಮೊದಲು ಹೇಳಲು ಶುರುಮಾಡಿದ್ದು ಮಾತ್ರ ಅದೇ ಗಾಡಿಯಲ್ಲಿ. ಹಾಸನದವರೆಗೂ ಹೆಂಡತಿಯ ಎದುರು ಕೂತು, ಪಾಪ ನೋಡದೆ ಹೋದಳಲ್ಲ ಎಂಬ ಮರುಕದಿಂದ, ಒಂದೊಂದು ಬಣ್ಣವನ್ನೂ ಬಿಡಿಸಿ ಬಿಡಿಸಿ ವರ್ಣಿಸಿದರು. ಅಮ್ಮಾವರು, "ಹೌದೇ! ರೆಕ್ಕೆ ನೀಲಿಯೇ! ಅಬ್ಬಾ!" ಎಂದು ಕೇಳಿದ್ದೇ ಕೇಳಿದ್ದು. ಕೆಳಗೆ ನೋಡಿ ಎಂದವಳು ನೋಡದೆ ಹೇಗೆ ಹೇಳಿದಳು ಎಂಬ ಪ್ರಶ್ನೆ, ಜನ್ಮವೆಲ್ಲ ವಿಜ್ಞಾನ ಕಲಿಸಿದ ಆ ತಲೆಗೆ ಹೊಳೆಯಲೇ ಇಲ್ಲ.

ವರ್ಣನೆಯ ಗುಂಗಿನಲ್ಲಿ ಅಮ್ಮಾವರಿಗೂ ಮೈಮರೆಯಿತು. "ಎಲ್ಲಾ ಹೇಳಿದಿರಿ, ಕೊಕ್ಕಲ್ಲಿ ಹುಳ ಕಚ್ಚಿಕೊಂಡಿತ್ತಲ್ಲ, ಅದನ್ನೇ ಬಿಟ್ಟಿರಿ. ಆಮೇಲೆ ಆ ಹುಳದ ಸಮೇತ ನಿಮ್ಮ ಬೂಟು ಹತ್ತಿ ಇಳೀತಲ್ಲ," ಎಂದರು.

ಗಾಡಿಯವ ಹಿಂತಿರುಗಿ ನೋಡಿದ. ಅಮ್ಮಾವರು ನಾಲಿಗೆ ಕಚ್ಚಿಕೊಂಡರು.

ಪ್ರೊಫೆಸರು ಹೆಮ್ಮೆಯಿಂದ ಬೆನ್ನು ನೆಟ್ಟಗೆ ಮಾಡಿ ಕೂತು, ನನ್ನ ತೊಡೆ ತಟ್ಟಿ, "ಕೇಳಿದೆಯೇನಯ್ಯಾ? ಇದಕ್ಕೆ ಅಲ್ಲವೇ ವರ್ಣನೆ ಅನ್ನೋದು! ನೋಡದೇ ಇದ್ದವಳಿಗೂ, ನಾನು ಹೇಳದೆ ಬಿಟ್ಟಿದ್ದೂ ಕಂಡುಬಿಟ್ಟಿದೆ!" ಎಂದರು.